ಹಾಲು ಬಿಟ್ಟ ತಿಂಗಳು

ನಾನು ಮಾಡಿದ ಅಡುಗೆಯನ್ನು ನಮ್ಮ ಅತ್ತೆ, ಮಾವ ಮುಟ್ಟುವುದಿಲ್ಲ. ಆದರೂ ಅತ್ತೆಗೆ ಉಬ್ಬಸ ಹೆಚ್ಚಾದಾಗಲೆಲ್ಲ ಅದು ನನ್ನ ಕೈಯಿಂದಲೇ ಆಯಿತು ಎನ್ನಲು ಮನೆಯಲ್ಲಿ ಯಾರಿಗೂ ನಾಲಿಗೆ ತಡವರಿಸಲಿಲ್ಲ. ಎಂಥ ಚೆಂದದ ನ್ಯಾಯ ನೋಡಿ!

ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಗಣಿತ ಟೀಚರು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಬಸ್ಸೆಂದರೆ ಗೊತ್ತಲ್ಲ, ಯಾರ ಮೊಣಕೈ ಯಾರ ಬೆನ್ನಿಗೋ. ಹಾಗಾಗಿ ಮಾವ ಜಯತೀರ್ಥರ ಲೆಕ್ಕದಲ್ಲಿ ನಾನು ಬೆಳಗಿನಿಂದ ಸಂಜೆಯವರೆಗೆ ಮೈಲಿಗೆ. ನಾನೂ, ನನ್ನ ಗಂಡ ವೇದವ್ಯಾಸನೂ ತಿನ್ನುವುದನ್ನು ಹಿಂದಿನ ಪಡಸಾಲೆಯ ಗ್ಯಾಸಿನ ಮೇಲೆ ನಾನೇ ಬೇಯಿಸುತ್ತೇನೆ. ಒಳಗಿನ ಅಡುಗೆಮನೆ ಅತ್ತೆ ಗಿರಿಜಾಬಾಯಿಯವರದು. ಅವರು ಒದ್ದೆ ಸೀರೆಯಲ್ಲಿ, ಮಡಿಯಲ್ಲಿ, ದೇವರಿಗೂ ಮಾವನಿಗೂ ಬೇಯಿಸುತ್ತಾರೆ. ಮಾವ ಉಣ್ಣುವುದು ಅವರ ಕೈಯ ಅನ್ನ ಮಾತ್ರ.

ಅತ್ತೆಯ ಶ್ವಾಸಕೋಶ ಕೆಟ್ಟದ್ದು ಸಿರುಗುಪ್ಪದಲ್ಲಿ. ಮಾವ ಅಲ್ಲಿ ತಾಲ್ಲೂಕು ಕಚೇರಿಯಲ್ಲಿದ್ದಾಗ ಅಕ್ಕಿ ಗಿರಣಿಯ ಹೊಟ್ಟು ಸುಲಭವಾಗಿ ಸಿಗುತ್ತಿತ್ತು. ಹೊಟ್ಟಿನ ಒಲೆಯ ಮುಂದೆ ಅತ್ತೆಯ ಪ್ರಾಯವೆಲ್ಲ ಹೋಯಿತು. ಬೀಡಿ ಸಿಗರೇಟು ಕಂಡವರಲ್ಲ, ಆದರೆ ಡಾಕ್ಟರು ಎಕ್ಸ್‌ರೇ ನೋಡಿ ಮೊದಲು ಕೇಳಿದ್ದು ಅದನ್ನೇ. ಬಳ್ಳಾರಿಗೆ ಬಂದಮೇಲೆ ಗ್ಯಾಸು ಬಂತಾದರೂ ದೇವರ ನೈವೇದ್ಯಕ್ಕೆ ಇದ್ದಿಲೇ ಆಗಬೇಕೆಂದು ಮಾವ ಹಟ ಹಿಡಿದರು. ದೇವರು ಕೆಮ್ಮುತ್ತಾನೆಯೇ, ಕೆಮ್ಮುವವರು ಅತ್ತೆ.

ಕಳೆದ ಚಳಿಗಾಲದಲ್ಲಂತೂ ಅವರು ಸೌಟು ಹಿಡಿಯಲಾರದಷ್ಟು ಸೋತಿದ್ದರು. ಯುಗಾದಿ ಕಳೆದಮೇಲೆ ಏನಾಯಿತೋ, ಇದ್ದಕ್ಕಿದ್ದಂತೆ ಎದ್ದು ನಿಂತರು. ಹಸಿವು ಬಂತು, ಮುಖ ತುಂಬಿಕೊಂಡಿತು. ಬೆಳಿಗ್ಗೆ ಪೂಜೆಯಾಗಿ ಮಾವ ಕೊಡುವ ನೈವೇದ್ಯದ ಹಾಲು ಕುಡಿದರೆಂದರೆ ಸರಸರ ಒಲೆ ಹೊತ್ತಿಸುವರು.

"ರಾಯರು ಕಣ್ಣು ಬಿಟ್ಟರು ನೋಡು" ಎಂದರು ಮಾವ. ನಾನೂ ಹೌದೆಂದೇ ನಂಬಿದೆ.

ಆಷಾಢದಲ್ಲಿ ಚೆಕಪ್ಪಿಗೆ ಕರೆದುಕೊಂಡು ಹೋದಾಗ ಎದೆಯ ಡಾಕ್ಟರ್ ಯರ್ರಿಸ್ವಾಮಿ ರಕ್ತದ ರಿಪೋರ್ಟು ಹಿಡಿದು ಹುಬ್ಬು ಗಂಟಿಕ್ಕಿದರು.

"ಟೀಚರಮ್ಮಾ, ಇಲ್ಲಿ ನೋಡ್ರಿ. ರಕ್ತದಾಗ ಇಯೊಸಿನೊಫಿಲ್ ಅಂತ ಒಂದು ಜಾತಿ ಬಿಳಿ ಕಣ ಇರತಾವ. ದಮ್ಮು ಕೆರಳಿದಾಗ ಇವು ಹೆಚ್ಚಿದ್ರ ಸ್ಟೆರಾಯ್ಡ್ ಗುಳಿಗಿ ಕೆಲಸ ಮಾಡತೈತಿ. ಕಡಿಮಿ ಇದ್ರ ಸುಮ್ಮನ ಶುಗರ್ ಏರತೈತಿ ಅಷ್ಟೆ. ಇನ್ನ ಸಿ.ಆರ್.ಪಿ. ಅಂತ ಒಂದೈತಿ, ಅದು ಏರಿದ್ರ ಸೋಂಕು. ಅದಕ್ಕ ನಾನು ರಕ್ತ ನೋಡದ ಔಷಧ ಬರಿಯಂಗಿಲ್ಲ."

"ಈಗ ಏನಾಗ್ಯದ ಡಾಕ್ಟರ?"

"ಹೋದ ವರ್ಷ ಈ ಕಣ ಭಾಳ ಇದ್ದವು. ಈಗ ಹುಡುಕಿದ್ರೂ ಒಂದಿಲ್ಲ. ಸ್ಟೆರಾಯ್ಡ್ ಹೊಟ್ಟಿಗೆ ಹೋದ್ರ ಇವು ಹಿಂಗ ಮಾಯ ಆಗತಾವ. ಶುಗರ್ ಬ್ಯಾರೆ ಏರೈತಿ. ಮುಖ ನೋಡಿದ್ರ ಊದೈತಿ. ಇವರಿಗೆ ಸ್ಟೆರಾಯ್ಡ್ ಕೊಡಾಕತ್ತೋರು ಯಾರು?"

ಅತ್ತೆ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು. ಮಾವನೂ ನೋಡಿದರು. ಗುಳಿಗೆಗಳನ್ನು ಡಬ್ಬಿಯಲ್ಲಿ ದಿನದ ಪ್ರಕಾರ ಹಾಕಿಡುವುದು ನಾನು. ಇನ್ಹೇಲರು ಎಳೆಸುವುದು ನಾನು.

"ನೀವು ಬರೆದದ್ದು ಬಿಟ್ರ ಬೇರೇನೂ ಕೊಟ್ಟಿಲ್ರೀ" ಎಂದೆ.

"ಯಾರೋ ಕೊಡಾಕತ್ತಾರ" ಎಂದರು ಡಾಕ್ಟರು. "ರಕ್ತ ಸುಳ್ಳು ಹೇಳಂಗಿಲ್ಲ."

ಆ ಒಂದು ಮಾತು ನಮ್ಮ ಮನೆಗೆ ಹೊಕ್ಕಿತು. ಸಿರುಗುಪ್ಪದಲ್ಲಿರುವ ನನ್ನ ನಾದಿನಿ ವಿಜಯಲಕ್ಷ್ಮಿಗೆ ಅದು ಫೋನಿನಲ್ಲಿ ತಲುಪಿತು. ಮಾರನೆಯ ದಿನವೇ ಕೈಚೀಲ ಹಿಡಿದು ಬಂದಿಳಿದರು. ನನ್ನ ಗಂಡನಿಗಿಂತ ದೊಡ್ಡವರು, ನಾನು ಅಕ್ಕಾ ಎನ್ನುತ್ತೇನೆ. ಚಾತುರ್ಮಾಸ್ಯ ಮುಗಿಯುವವರೆಗೆ ತಾಯಿಯ ಹತ್ತಿರವೇ ಇರುತ್ತೇನೆ ಎಂದು ಚಪ್ಪಲಿ ಬಿಡುವ ಮೊದಲೇ ಸಾರಿದರು.

"ಗುಳಿಗಿ ಡಬ್ಬಿ ಕೊಡು ಭಾವನಾ. ಇನ್ನ ನಾನೇ ಕೊಡ್ತೀನಿ."

"ತೊಗೋರಿ ಅಕ್ಕಾ. ನನಗೂ ಒಂದು ಕೆಲಸ ಕಡಿಮಿ."

"ಹಂಗಂದ್ರೇನು? ಅಮ್ಮನ ಗುಳಿಗಿ ನಿನಗ ಹೊರಿ ಆಗಿತ್ತೇನು?"

"ಕೊಟ್ರೂ ತಪ್ಪು, ಬಿಟ್ರೂ ತಪ್ಪು. ಏನು ಮಾಡಲಿ, ನೀವೇ ಹೇಳ್ರಿ."

ಮಾವ ಪಂಚಾಂಗದಿಂದ ತಲೆ ಎತ್ತಲಿಲ್ಲ. "ಡಬ್ಬಿ ಅಕೀ ಕೈಯಾಗ ಇರ್ಲಿ. ಎಲ್ಲಾರಿಗೂ ನೆಮ್ಮದಿ" ಎಂದರು. ನನ್ನ ನೆಮ್ಮದಿಯ ಸುದ್ದಿ ಯಾರೂ ಎತ್ತಲಿಲ್ಲ.

ನಮ್ಮಲ್ಲಿ ಚಾತುರ್ಮಾಸ್ಯವೆಂದರೆ ಒಂದೊಂದು ತಿಂಗಳು ಒಂದೊಂದನ್ನು ಬಿಡಬೇಕು. ಮೊದಲ ತಿಂಗಳು ತರಕಾರಿ, ಎರಡನೆಯದು ಮೊಸರು, ಮೂರನೆಯದು ಹಾಲು, ಕೊನೆಯದು ಬೇಳೆಕಾಳು. ಅದರ ಮೇಲೆ ಏಕಾದಶಿಗೆ ಹನಿ ನೀರಿಲ್ಲದ ಉಪವಾಸ. ದ್ವಾದಶಿಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಅಡುಗೆ ಮುಗಿದು ಪಾರಣೆಯಾಗಬೇಕು. ಔಷಧಕ್ಕೆ ದೋಷವಿಲ್ಲವೆಂದು ಆಚಾರ್ಯರನ್ನು ಕೇಳಿ ಒಪ್ಪಿಸಿದ್ದೆವಾದ್ದರಿಂದ ಅತ್ತೆ ಆ ದಿನವೂ ಇನ್ಹೇಲರು, ಗುಳಿಗೆ ಬಿಡುತ್ತಿರಲಿಲ್ಲ.

ಆದರೂ ಮುಂದಿನ ದ್ವಾದಶಿ ಬೆಳಿಗ್ಗೆ ಒಲೆಯ ಮುಂದೆ ಅತ್ತೆ ಕುಸಿದರು. ತುಟಿ ನೀಲಿಗಟ್ಟಿತ್ತು. ಹಾಗೇ ಆಟೋದಲ್ಲಿ ಒಯ್ದೆವು. ಡಾಕ್ಟರು ರಕ್ತ ತೆಗೆಸಿ ನೋಡಿದರೆ ಸೊನ್ನೆಯಾಗಿದ್ದ ಕಣಗಳು ಎದ್ದು ಕುಳಿತಿದ್ದವು.

"ಇದೇನ್ರಿ ಇದು, ಹೋದ ವಾರ ಇರಲಿಲ್ಲ, ಈಗ ಅದಾವ!" ಎಂದರು ಡಾಕ್ಟರು. "ನಿಮ್ಮ ಮನ್ಯಾಗ ಏನು ನಡದೈತಿ?"

ನಾನು ಮನೆಗೆ ಬಂದವಳೇ ನಾದಿನಿಯ ಎದುರು ನಿಂತೆ. "ಈ ಸಲ ಡಬ್ಬಿ ಯಾರ ಕೈಯಾಗಿತ್ತು ಅಕ್ಕಾ?"

ಅವರ ಮುಖ ಹುಳ್ಳಗಾಯಿತು. ಆದರೆ ಸೋಲುವ ಜಾಯಮಾನವೇ? ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಹೊಸ ದಾರಿ ಹುಡುಕಿದರು.

"ಸಂಜಿ ಕಾಫಿ ನೀನೇ ಕೊಡ್ತೀ ಅಲ್ಲಾ?"

"ಹೌದು. ಮಡಿ ಬಿಟ್ಟಮ್ಯಾಲೆ ಅತ್ತಿ ನನ್ನ ಕೈ ಕಾಫಿ ಒಂದು ಕುಡೀತಾರ."

"ಹಾಂ" ಎಂದರು. ಅಷ್ಟೇ. ಆ 'ಹಾಂ' ಎಷ್ಟು ಉದ್ದವಿತ್ತೆಂದರೆ ಅದರ ತುದಿಗೆ ನನ್ನನ್ನು ನೇಣು ಹಾಕಬಹುದಿತ್ತು.

ಅಂದು ಸಂಜೆ ಅತ್ತೆಗೆ ಕಾಫಿ ಒಯ್ದೆ. ಅವರು ಲೋಟ ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. "ಯಾಕೋ ಕಹಿ ಅದ" ಎಂದು ಪಕ್ಕಕ್ಕಿಟ್ಟರು. ಇನ್ನೂ ತುಟಿಗೆ ತಾಗಿಸಿಯೇ ಇರಲಿಲ್ಲ. ಹನ್ನೊಂದು ವರ್ಷದಿಂದ ಅವರ ತಲೆಗೆ ಎಣ್ಣೆ ಹಚ್ಚಿದವಳು ನಾನು. ಕೆಮ್ಮು ಬಂದಾಗ ಬೆನ್ನು ನೀವಿದವಳು ನಾನು. ಆ ಲೋಟವನ್ನು ಬಚ್ಚಲಿಗೆ ಸುರಿಯುವಾಗ ಅಳು ಉಕ್ಕಿ ಬಂತು. ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಗಂಡನಾದರೂ ನನ್ನ ಕಡೆ ಇದ್ದಾನೆ ಅಂದುಕೊಂಡಿದ್ದೆ. ವೇದವ್ಯಾಸ ಬ್ಯಾಂಕಿನಲ್ಲಿ ಗುಮಾಸ್ತ, ಜಗಳವೆಂದರೆ ಮೈಲು ದೂರ. "ಹೋಗ್ಲಿ ಬಿಡು, ದೊಡ್ಡೋರು" ಎನ್ನುವುದು ಅವನ ತಾರಕ ಮಂತ್ರ. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಚಿಲ್ಲರೆ ತೆಗೆಯಲು ಹೋದರೆ ನನ್ನ ಬ್ಯಾಗಿನ ಒಳಖಾನೆಯ ಜಿಪ್ಪು ತೆರೆದಿತ್ತು. ಅದರೊಳಗಿನ ತಲೆನೋವಿನ ಗುಳಿಗೆಯ ಪಟ್ಟಿ ತಿರುವುಮುರುವಾಗಿತ್ತು. ನನ್ನ ಬ್ಯಾಗು ಮುಟ್ಟುವವನು ಅವನೊಬ್ಬನೇ. ಕುರುಗೋಡು ಬರುವವರೆಗೆ ಕಿಟಕಿಯ ಆಚೆ ಏನಿತ್ತೋ ನನಗೆ ಕಾಣಲಿಲ್ಲ.

ಸಂಜೆ ನೇರವಾಗಿ ಕೇಳಿದೆ. "ನನ್ನ ಬ್ಯಾಗ್ ನೋಡಿದ್ರಿ?"

"ಪೆನ್ನು ಹುಡುಕ್ತಿದ್ದೆ."

"ಪೆನ್ನು ಸಿಕ್ತೇನು?"

ಅವನು ನೆಲ ನೋಡಿದ. "ನನಗ ತಲಿ ಕೆಟ್ಟದ ಭಾವನಾ. ಡಾಕ್ಟರು ಯಾರೋ ಕೊಡ್ತಾರ ಅಂತಾರ. ಮನ್ಯಾಗ ಇರೋದೇ ಐದು ಮಂದಿ."

"ಐದರಾಗ ನಾಲ್ಕು ಮಂದಿ ನಿಮ್ಮ ರಕ್ತ, ಉಳಿದಾಕಿ ನಾನು. ಲೆಕ್ಕ ಚೊಲೋ ಮಾಡಿದ್ರಿ. ಕೇಳ್ರಿ, ದಸರಾ ರಜಾದೊಳಗ ಇದು ಯಾರ ಕೆಲಸ ಅಂತ ತಿಳೀದಿದ್ರ ನಾನು ಕುರುಗೋಡಿನಾಗ ಒಂದು ಖೋಲಿ ಹಿಡೀತೀನಿ. ವಿಷ ಹಾಕೋ ಸೊಸಿ ಅನಿಸಿಕೊಂಡು ಈ ಮನಿ ಬಾಗಿಲಾಗ ನಾನು ಚಪ್ಪಲಿ ಬಿಡಂಗಿಲ್ಲ."

ಅವನು ಬೆಚ್ಚಿದ. ನಾನು ಹೇಳಿದರೆ ಮಾಡುವವಳೆಂದು ಅವನಿಗೆ ಗೊತ್ತು.

ಅಂದಿನಿಂದ ನಾನೂ ಎಲ್ಲರ ಮೇಲೆ ಕಣ್ಣಿಟ್ಟೆ. ಸಂಶಯ ಅಂಟುರೋಗ. ನಾದಿನಿ ತಾಯಿಯ ಕಾಲೊತ್ತುವಾಗ ಇಣುಕಿದೆ. ಗಂಡ ತಾಯಿಗೆ ನೀರು ಒಯ್ದರೆ ಚೆಂಬಿನೊಳಗೆ ನೋಡಿದೆ. ಒಬ್ಬರ ಮುಖ ಒಬ್ಬರು ನೋಡದೆ ಉಂಡೆವು. ಮೊಸರು ಬಿಟ್ಟ ತಿಂಗಳು ಬೇರೆ, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮುಂದಿನ ದ್ವಾದಶಿಗೂ ಅತ್ತೆಗೆ ಹಾಗೆಯೇ ಆಯಿತು. ಮರುದಿನಕ್ಕೆ ಮತ್ತೆ ಹುಷಾರು. ಮಾವ ಮಾತ್ರ "ಉಪವಾಸ ತಡಿಯಂಗಿಲ್ಲ, ವಯಸ್ಸಾತು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಭಾದ್ರಪದದಲ್ಲಿ ಮೂರನೆಯ ತಿಂಗಳ ವ್ರತ ಹಿಡಿದು ವಾರವಾಗುವುದರೊಳಗೆ ಅತ್ತೆ ಹಾಸಿಗೆ ಹಿಡಿದರು. ಈ ಸಲ ಏಕಾದಶಿಯೂ ಇರಲಿಲ್ಲ, ದ್ವಾದಶಿಯೂ ಇರಲಿಲ್ಲ. ವಾಂತಿ, ನಿತ್ರಾಣ, ಉಸಿರು ಸಿಳ್ಳೆ ಹಾಕುತ್ತಿತ್ತು. ನಾನು ಶಾಲೆಯಲ್ಲಿದ್ದಾಗ ಗಂಡನ ಫೋನು ಬಂತು. ಕುರುಗೋಡಿನಿಂದ ನೇರ ಆಸ್ಪತ್ರೆಗೆ ಓಡಿದೆ. ಬಾಗಿಲ ಹೊರಗೆ ಗಂಡ, ನಾದಿನಿ ನಿಂತಿದ್ದರು. ಮಾವ ಪೂಜೆ ಮುಗಿಸಿ ಬರುತ್ತೇನೆಂದು ಮನೆಯಲ್ಲೇ ಉಳಿದಿದ್ದರಂತೆ.

ಡಾಕ್ಟರು ಸಿಟ್ಟಿನಲ್ಲಿ ಹೊರಬಂದರು. "ಬಿ.ಪಿ. ಪಾತಾಳಕ್ಕ ಇಳದೈತಿ. ಸಿ.ಆರ್.ಪಿ. ಏರಿಲ್ಲ, ಅಂದ್ರ ಸೋಂಕು ಅಲ್ಲ. ಆ ಬಿಳಿ ಕಣ ಮಾತ್ರ ಇನ್ನಿಲ್ಲದಂಗ ಏರ್ಯಾವ. ಇಷ್ಟು ದಿನ ಎಲ್ಲಿಂದಲೋ ಸ್ಟೆರಾಯ್ಡ್ ಬರತಿತ್ತು, ಈಗ ನಿಂತೈತಿ. ದೇಹ ತನಗ ಬೇಕಾದ್ದು ತಾನು ಮಾಡಿಕೊಳ್ಳೋದು ಮರತೈತಿ. ಊಹಿ ಮ್ಯಾಲೆ ಇಂಜೆಕ್ಷನ್ ಹಾಕೀನಿ. ಆದ್ರ ಏನು ಕೊಟ್ರಿ, ಎಷ್ಟು ಕೊಟ್ರಿ, ಅದರಾಗ ಮತ್ತೇನಿತ್ತು, ನನಗ ಗೊತ್ತಾಗಬೇಕು. ಜೀವದ ಪ್ರಶ್ನಿ ಐತಿ. ಇನ್ನೂ ಮುಚ್ಚಿಡತೀರೇನು?"

"ನಾವ್ಯಾರೂ ಕೊಟ್ಟಿಲ್ರೀ" ಎಂದು ನಾದಿನಿ ಅಳುತ್ತ ನನ್ನತ್ತ ನೋಡಿದರು.

"ಆ ದ್ವಾದಶಿ ದಿನಾನೂ ಹಿಂಗ ಏರಿತ್ತಲ್ರಿ. ಹಿಂದಿನ ದಿನ ಇವರು ಬಿಡೋದು ಏನು?"

"ಏಕಾದಶಿಗೆ ಎಲ್ಲಾ ಬಿಡ್ತಾರ್ರೀ. ಅನ್ನ, ನೀರು, ಎಲ್ಲಾ" ಎಂದೆ.

"ಔಷಧ?"

"ಅದು ಬಿಡಂಗಿಲ್ಲ."

"ಹಂಗಾದ್ರ ಅದು ಊಟದಾಗಿನದು. ಈ ವಾರ ಉಪವಾಸ ಇಲ್ಲಲ್ಲ. ಈ ವಾರ ಬಿಟ್ಟಿದ್ದು ಏನು?"

ನಾನು ಬೆರಳು ಮಡಚಿ ತಿಂಗಳು ಎಣಿಸಿದೆ.

"ಹಾಲು" ಎಂದೆ. "ಇದು ಹಾಲು ಬಿಡೋ ತಿಂಗಳು."

ನನ್ನ ಸಂಜೆಯ ಕಾಫಿ ಅವರು ಬಿಟ್ಟು ತಿಂಗಳಾಗಿತ್ತು. ಉಳಿದದ್ದು ಬೆಳಗಿನ ನೈವೇದ್ಯದ ಹಾಲು ಒಂದೇ. ಅದನ್ನು ಕೊಡುವ ಕೈ ಯಾವುದೆಂದು ನಾನು ಹೇಳಬೇಕಾಗಲಿಲ್ಲ. ನಾದಿನಿಯ ಅಳು ನಿಂತಿತು. ವೇದವ್ಯಾಸ ಗೋಡೆಗೆ ಆತುಕೊಂಡು "ಇಲ್ಲ, ಅಪ್ಪ ಹಂಗ ಮಾಡಂಗಿಲ್ಲ" ಎಂದು ಮೆಲ್ಲಗೆ ಹೇಳಿದ. ನನ್ನ ವಿಷಯದಲ್ಲಿ ಈ ಮಾತು ಅವನ ಬಾಯಿಂದ ಬಂದಿರಲಿಲ್ಲ. ಅದು ಚುಚ್ಚಿತು, ಆದರೆ ಚುಚ್ಚಿಸಿಕೊಳ್ಳುತ್ತ ಕೂರಲು ಹೊತ್ತಿರಲಿಲ್ಲ.

ಅವನನ್ನು ಎಳೆದುಕೊಂಡು ಮನೆಗೆ ಬಂದೆ. ಮಾವ ದೇವರಮನೆಯ ಬಾಗಿಲಲ್ಲಿ ಮಣೆಯ ಮೇಲೆ ಕುಳಿತಿದ್ದರು. ಮುಂದೆ ಜಪಮಾಲೆ ಇತ್ತು, ಕೈ ಆಡುತ್ತಿರಲಿಲ್ಲ.

"ಮಾವನವರ, ಅತ್ತಿ ಹಾಲಿನಾಗ ಏನು ಹಾಕ್ತಿದ್ರಿ?"

"ಏನಂತ ಮಾತಾಡ್ತೀ? ದೇವರ ನೈವೇದ್ಯ ಅದು!"

"ಅತ್ತಿ ಸಾಯಲಿಕ್ಕೆ ಹತ್ಯಾರ. ಏನು ಹಾಕ್ತಿದ್ರಿ?"

"ವ್ಯಾಸಾ, ನಿನ್ನ ಹೇಣ್ತಿಗೆ ಹೇಳು" ಎಂದರು. ದನಿಯಲ್ಲಿ ಜೋರಿತ್ತು, ಕಣ್ಣಲ್ಲಿ ಇರಲಿಲ್ಲ. ಆ ಕಣ್ಣು ಒಂದು ಗಳಿಗೆ ಒಳಗಿನ ದೇವರ ಪೆಟ್ಟಿಗೆಯ ಕಡೆಗೆ ಹೋಗಿ ಬಂದದ್ದನ್ನು ನಾನು ಕಂಡೆ.

ಬಸ್ಸಿನ ಧೂಳು ಹೊತ್ತ ಸೀರೆಯಲ್ಲೇ ಹೊಸ್ತಿಲು ದಾಟಿದೆ.

"ಏ! ಮಡಿ ಇಲ್ಲ ನಿನಗ! ಮುಟ್ಟಬ್ಯಾಡ!"

"ಇಲ್ಲ, ಮಡಿ ಇಲ್ಲ" ಎಂದೆ. ಪೆಟ್ಟಿಗೆ ತೆರೆದೆ. ಸಾಲಿಗ್ರಾಮದ ಭರಣಿಯ ಹಿಂದೆ, ರೇಷ್ಮೆ ವಸ್ತ್ರದ ಅಡಿಯಲ್ಲಿ, ಪ್ಲಾಸ್ಟಿಕ್ ಪೊಟ್ಟಣಗಳ ಕಟ್ಟು ಇತ್ತು. ಒಳಗೆ ಬೂದು ಬಣ್ಣದ ಪುಡಿ. ಹೆಸರಿಲ್ಲ, ಊರಿಲ್ಲ.

ಮಾವ ತಲೆ ತಗ್ಗಿಸಿದರು.

"ಕರೂರಿನ ಉಚ್ಚಂಗೆಪ್ಪ ತಂದುಕೊಟ್ಟ" ಎಂದರು. ಉಚ್ಚಂಗೆಪ್ಪ ನಮ್ಮ ಗದ್ದೆ ಮಾಡುವವನು, ಪಾಪದ ಮನುಷ್ಯ. "ಅವರವ್ವನ ದಮ್ಮಿಗೆ ಈ ಪುಡಿ ಹಿಡಿಸಿತ್ತಂತ. ಯಾರೋ ನಾಟಿ ಔಷಧದಾಂವ ಕೊಡ್ತಾನ. ಬರೇ ಗಿಡಮೂಲಿಕಿ ಅಂದ. ನನಗೇನು ಗೊತ್ತು ಅದರಾಗ ಇಂಗ್ಲಿಷ್ ಗುಳಿಗಿ ಅರದು ಹಾಕ್ತಾರ ಅಂತ?"

"ಅಮ್ಮಗ ಯಾಕ ಹೇಳಲಿಲ್ಲ?" ವೇದವ್ಯಾಸ ಕೂಗಿದ. ಅವನು ತಂದೆಯೆದುರು ದನಿ ಎತ್ತಿದ್ದನ್ನು ಅವತ್ತೇ ನೋಡಿದ್ದು.

"ಹೇಳಿದ್ರ ಕುಡೀತಿದ್ಲೇನು? ಯಾರ ಮನಿ ನೀರಿನಾಗ ಅರದದ್ದೋ, ಯಾರು ಮುಟ್ಟಿದ್ದೋ ಅಂತಿದ್ಲು. ನೈವೇದ್ಯ ಆದ ಹಾಲಿಗೆ ಹಾಕಿದ್ರ ದೋಷ ಹೋಗ್ತದ ಅಂತ ನಾನೇ ಸಮಾಧಾನ ಮಾಡಿಕೊಂಡೆ. ಏಕಾದಶಿಗೆ ಹಾಲಿಲ್ಲ, ಒಂದು ದಿನಕ್ಕ ಏನಾಗ್ತದ ಅಂತ ಬಿಟ್ಟೆ. ಈ ತಿಂಗಳು ಹಾಲೇ ಇಲ್ಲ. ಬೇರೆ ಎದರಾಗ ಹಾಕಲಿ? ಅನ್ನಕ್ಕ ಹಾಕಿದ್ರ ಅಕಿಗೆ ತಿಳೀತದ."

"ಡಾಕ್ಟರು ಅಂದಾಗ ನನ್ನ ಮ್ಯಾಲೆ ಯಾಕ ಹಾಕಿದ್ರಿ?"

"ನಾನು ಹಾಕಲಿಲ್ಲ. ಗುಳಿಗಿ ನೀನೇ ಹೆಚ್ಚುಕಡಿಮಿ ಮಾಡಿದ್ದಿ ಅಂತ ಖರೇನೇ ಅಂದುಕೊಂಡಿದ್ದೆ."

"ಮತ್ತ ಆಮ್ಯಾಲೆ? ಡಬ್ಬಿ ಅಕ್ಕನ ಕೈಗೆ ಹೋದಮ್ಯಾಲೆ?"

"ಆಮ್ಯಾಲೆ ಸುಮ್ಮನಿದ್ದೆ" ಎಂದರು. "ಅಕಿ ಎದ್ದು ನಿಂತಿದ್ಲು. ಅಡಿಗಿ ಮಾಡ್ತಿದ್ಲು. ಅಕಿ ಮಲಗಿದ್ರ ನಾನು ಯಾರ ಕೈ ಅನ್ನ ಉಣ್ಣಲಿ?"

ನನಗೆ ಬಂದ ಸಿಟ್ಟಿಗೆ ಆ ಪೊಟ್ಟಣಗಳನ್ನು ಅವರ ಮುಖಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ. ಡಾಕ್ಟರಿಗೆ ಬೇಕಾಗಿದ್ದವು. ಗಂಡನ ಕೈಗೆ ಕೊಟ್ಟು "ಓಡ್ರಿ" ಎಂದೆ.

ಅತ್ತೆ ಬದುಕಿದರು. ಡಾಕ್ಟರು ಪುಡಿಯನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಸ್ಟೆರಾಯ್ಡೇ ಇತ್ತು. ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ, ರಕ್ತ ನೋಡುತ್ತ ನೋಡುತ್ತ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕೆಂದರು. ಇದ್ದಿಲ ಒಲೆಯ ಹತ್ತಿರ ಮತ್ತೆ ಕಂಡರೆ ತಮ್ಮ ಬಾಗಿಲಿಗೆ ಬರಲೇಬಾರದೆಂದು ಮಗನಿಗೆ ಬೈದು ಕಳಿಸಿದರು. ಕರೂರಿಗೆ ವೇದವ್ಯಾಸ ತಾನೇ ಹೋಗಿ ಉಚ್ಚಂಗೆಪ್ಪನ ತಾಯಿಯನ್ನೂ ಆಸ್ಪತ್ರೆಗೆ ಕರೆತಂದ. ನನ್ನ ಹತ್ತಿರ ಅವನು ಕ್ಷಮೆ ಕೇಳಿದ. ನಾನು "ಹ್ಞೂಂ" ಎಂದೆ, ಅಷ್ಟೇ. ಕೆಲವಕ್ಕೆ ಹೊತ್ತು ಹಿಡಿಯುತ್ತದೆ. ನಾದಿನಿ ಗುಳಿಗೆ ಡಬ್ಬಿಯನ್ನು ತಂದು ನನ್ನ ಮೇಜಿನ ಮೇಲಿಟ್ಟರು.

ಎಲ್ಲವನ್ನೂ ತಾಯಿಗೆ ಆಸ್ಪತ್ರೆಯಲ್ಲಿ ಹೇಳಿದವರು ಅವರೇ. ಅತ್ತೆ ಕೇಳಿಸಿಕೊಂಡು ಗೋಡೆಯ ಕಡೆ ಹೊರಳಿದರಂತೆ. ಮಾವ ನೋಡಲು ಬಂದಾಗಲೆಲ್ಲ ನಿದ್ದೆ ಬಂದವರಂತೆ ಕಣ್ಣು ಮುಚ್ಚಿದರಂತೆ.

ಮನೆಗೆ ಬಂದ ದಿನ ಬೆಳಿಗ್ಗೆ ಅವರನ್ನು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿದೆವು. ಮಾವ ಪೂಜೆ ಮುಗಿಸಿ ತೀರ್ಥದ ಬಟ್ಟಲು ಹಿಡಿದು ಬಂದರು. ಅತ್ತೆ ಆಸ್ಪತ್ರೆಯಲ್ಲಿದ್ದಷ್ಟು ದಿನ ತಾವೇ ಬೇಯಿಸಿಕೊಂಡಿದ್ದರು. ದಿನಾ ಮುದ್ದೆಯಾದ ಅನ್ನವೋ ಬೇಯದೆ ಅಕ್ಕಿಯಾಗಿಯೇ ಉಳಿದ ಅನ್ನವೋ ಉಂಡು ಸೊರಗಿದ್ದರು.

"ತೊಗೋ" ಎಂದರು.

"ಮೊದಲು ನೀವು ತೊಗೋರಿ" ಎಂದರು ಅತ್ತೆ.

ಮದುವೆಯಾದ ದಿನದಿಂದ ಅವರು ಗಂಡನಿಗಿಂತ ಮೊದಲು ಏನನ್ನೂ ಬಾಯಿಗೆ ಹಾಕಿದವರಲ್ಲ. ಆದರೆ ಇದು ಆ ಮಾತಲ್ಲವೆಂದು ಅಲ್ಲಿದ್ದ ನಮಗೆಲ್ಲ ಗೊತ್ತಾಯಿತು. ಮಾವ ತೀರ್ಥ ತೆಗೆದುಕೊಂಡರು. ಅತ್ತೆ ಅವರ ಗಂಟಲನ್ನೇ ನೋಡುತ್ತಿದ್ದರು. ಆಮೇಲೂ ಅಂಗೈ ಚಾಚಲಿಲ್ಲ.

ನಾನು ಹಿಂದಿನ ಗ್ಯಾಸಿನ ಮೇಲೆ ಅಕ್ಕಿ ಗಂಜಿ ಮಾಡಿದ್ದೆ. ಲೋಟ ತಂದು ಅವರ ಮುಂದೆ ನಿಂತೆ. ಮೊದಲು ನೀನು ಕುಡಿ ಎಂದು ಅವರು ಬಾಯಿ ಬಿಟ್ಟು ಹೇಳುವವರೆಗೆ ಕಾಯುವ ಶಕ್ತಿ ನನಗಿರಲಿಲ್ಲ. ಆ ಕಾಫಿಯ ಸಂಜೆ ಇನ್ನೊಮ್ಮೆ ಬೇಡವಾಗಿತ್ತು. ನಾನೇ ಲೋಟವನ್ನು ತುಟಿಗೆ ಹಚ್ಚಿ ಒಂದು ಗುಟುಕು ಕುಡಿದೆ.

"ನೋಡ್ರಿ ಅತ್ತಿ, ಏನೂ ಇಲ್ಲ" ಎಂದೆ. "ಇದು ಇರ್ಲಿ, ನಿಮಗ ಬ್ಯಾರೆ ಲೋಟದಾಗ ತರ್ತೀನಿ."

"ಎಲ್ಲಿಗೆ ಹೋಗ್ತೀ?"

"ಇದು ಎಂಜಲಾತಲ್ರೀ."

"ಕೊಡು ಇತ್ಲಾಗ."

"ಗಿರಿಜಾ! ಎಂಜಲು ಅದು!" ಮಾವ ಹೌಹಾರಿ ಎರಡು ಹೆಜ್ಜೆ ಮುಂದೆ ಬಂದರು.

ಅತ್ತೆ ಲೋಟವನ್ನು ನನ್ನ ಕೈಯಿಂದ ಕಿತ್ತುಕೊಂಡರು. ನಾನು ತುಟಿ ಹಚ್ಚಿದ ಕಡೆಯಿಂದಲೇ, ಗಂಡನ ಮುಖ ನೋಡುತ್ತ, ನಿಧಾನವಾಗಿ, ನಡುನಡುವೆ ಉಸಿರು ಎಳೆದುಕೊಳ್ಳುತ್ತ, ಪೂರ್ತಿ ಕುಡಿದರು.

"ಹೌದು, ಎಂಜಲು" ಎಂದರು. "ಇದರಾಗ ಏನದ ಅಂತ ನನಗ ಗೊತ್ತದ."